ಮಾಟದ ನಾಡೆಂಬ ಹೆಸರು ಹೊತ್ತ ಸೀಮೆ

ಮೈಸೂರು ಜಿಲ್ಲೆಯ ದಕ್ಷಿಣಭಾಗವನ್ನು ಬೇರ್ಪಡಿಸಿ, ಚಾಮರಾಜನಗರ, ಗುಂಡ್ಲುಪೇಟೆ, ಕೊಳ್ಳೇಗಾಲ, ಯಳಂದೂರು ಎಂಬ ನಾಲ್ಕು ತಾಲ್ಲೂಕುಗಳನ್ನು ಕೂಡಿಸಿ, 1997ನೆಯ ಇಸವಿಯ ಆಗಸ್ಟ್ 15ರಂದು ಹೊಸ ಜಿಲ್ಲೆಯೊಂದನ್ನು ರಚಿಸಿದಾಗ, ಅದರ ಉದ್ಘಾಟನೆಯು ಜಿಲ್ಲಾಕೇಂದ್ರವಾದ ಚಾಮರಾಜನಗರದಲ್ಲಿಯೇ ನಡೆಯುವುದು ನ್ಯಾಯವಾಗಿತ್ತು. ನಡೆದದ್ದು ಹಾಗಲ್ಲ. ಆಗಿನ ಮುಖ್ಯಮಂತ್ರಿ ಜೆ.ಎಚ್. ಪಟೇಲರು ಆ ಮಂಗಳಕಾರ್ಯವನ್ನು ಊರಿನಿಂದ ನೂರು ಕಿಲೋಮೀಟರಿಗೂ ಮಿಕ್ಕ ದೂರದಲ್ಲಿರುವ ಮಲೆ ಮಹದೇಶ್ವರ ಬೆಟ್ಟದ ಮೇಲೆ ನೆರವೇರಿಸಿದರು. ಲೋಹಿಯಾ ಅವರ ಸಮಾಜವಾದದಲ್ಲಿ ಬೆಳೆದ, ವೈಚಾರಿಕರೆಂದು ಹೆಸರಾದ ಮುಖ್ಯಮಂತ್ರಿಯ ಕಾಲದಲ್ಲಿಯೂ ಜಿಲ್ಲೆಯೊಂದರ ಜನನವು ಅದರ ಕೇಂದ್ರದ ಹೊರಗೆ ಆಗಬೇಕಾಯಿತೆಂದರೆ, ಆ ಊರಿನ ಹೆಸರಿಗೆ ಅಂಟಿಕೊಂಡಿದ್ದ ಭೀತಿ ಎಷ್ಟು ಬಲವಾದದ್ದೆಂಬುದನ್ನು ಊಹಿಸಬಹುದು. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಅಧಿಕಾರ ಕಳೆದುಕೊಳ್ಳುತ್ತಾನೆ ಎಂಬುದೇ ಆ ಭೀತಿ. ಅದಕ್ಕೆ ಶಾಪ ಕಾರಣವೆಂದರು ಕೆಲವರು, ಮಾಟ ಕಾರಣವೆಂದರು ಕೆಲವರು, ಗ್ರಹಚಾರವೆಂದು ಕೈಚೆಲ್ಲಿದರು ಮತ್ತೆ ಕೆಲವರು. ಈ ಭೀತಿ ಹುಟ್ಟಿದ ಬಗೆಯನ್ನೂ, ಬೆಳೆದ ಬಗೆಯನ್ನೂ, ಅದರಿಂದ ಒಂದು ಸೀಮೆಗೆ ಒದಗಿದ ಅನ್ಯಾಯವನ್ನೂ ಕ್ರಮವಾಗಿ ನೋಡುವುದು ಅವಶ್ಯ. ಏಕೆಂದರೆ ಮಾಟದ ನಾಡೆಂದು ಹೊರಗಿನವರು ಕರೆದ ಈ ಸೀಮೆಯ ಸ್ವಂತ ಹಾಡುಗಳೆಲ್ಲ ಮಾಟವನ್ನು ಮುರಿದವರ ಹಾಡುಗಳು.

ಚಾಮರಾಜನಗರದ ಹಳೆಯ ಹೆಸರು ಅರಿಕುಠಾರ. ಮುಮ್ಮಡಿ ಕೃಷ್ಣರಾಜ ಒಡೆಯರ ತಂದೆ ಖಾಸಾ ಚಾಮರಾಜ ಒಡೆಯರು ಜನಿಸಿದ್ದು ಇಲ್ಲಿ. ಆ ನೆನಪಿಗಾಗಿ ಮಗನು 1818ರಲ್ಲಿ ಊರಿಗೆ ತಂದೆಯ ಹೆಸರಿಟ್ಟು, 1826ರಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದನು. ಪಶ್ಚಿಮಕ್ಕೆ ಗುಂಡ್ಲುಪೇಟೆ, ಅಲ್ಲಿಂದ ಒಂದು ದಾರಿ ಬಂಡೀಪುರದ ಕಾಡನ್ನು ಸೀಳಿ ನೀಲಗಿರಿಗೆ ಏರುತ್ತದೆ, ಇನ್ನೊಂದು ವಯನಾಡಿನ ಕಡೆಗೆ ಇಳಿಯುತ್ತದೆ. ಪೂರ್ವದ ಕೊಳ್ಳೇಗಾಲವಾದರೋ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮೈಸೂರಿಗೆ ಸೇರಿರಲೇ ಇಲ್ಲ. ಅದು ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿತ್ತು. ಹೀಗೆ ಕನ್ನಡ, ತಮಿಳು, ಮಲಯಾಳಗಳು ಸಂಧಿಸುವ, ಬಿಳಿಗಿರಿರಂಗನ ಬೆಟ್ಟ, ಹಿಮವದ್ ಗೋಪಾಲಸ್ವಾಮಿ ಬೆಟ್ಟ, ಮಾದೇಶ್ವರನ ಎಪ್ಪತ್ತೇಳು ಮಲೆ ಎಂಬ ಗಿರಿಶ್ರೇಣಿಗಳ ನಡುವೆ ಹರಡಿದ, ಸೋಲಿಗರೂ ಬೇಡಗಂಪಣರೂ ಉಪ್ಪಾರರೂ ಪರಿಶಿಷ್ಟರೂ ಲಿಂಗಾಯತರೂ ಒಂದೇ ಪರಿಸೆಯಲ್ಲಿ ನೆರೆಯುವ ಗಡಿಸೀಮೆ ಇದು. ರಾಜಧಾನಿಯ ಕಣ್ಣಿಗೆ ಗಡಿಯೆಂಬುದು ಯಾವಾಗಲೂ ಅರ್ಧ ಕತ್ತಲೆಯ ಪ್ರದೇಶವೇ. ಅಲ್ಲಿ ಏನು ನಡೆಯುತ್ತದೆಂಬುದನ್ನು ತಿಳಿದವರು ಕಡಮೆ, ಊಹಿಸುವವರು ಹೆಚ್ಚು.

ಈ ಸೀಮೆ ತನ್ನ ಕಥೆಯನ್ನು ತಾನೇ ಎರಡು ಮಹಾಕಾವ್ಯಗಳಲ್ಲಿ ಹಾಡಿಕೊಂಡಿದೆ. ಒಂದು ಮಹದೇಶ್ವರ ಬೆಟ್ಟದ ದೈವವಾದ ಮಾದೇಶ್ವರನದು, ಅದನ್ನು ಹಾಡುವವರು ದೇವರಗುಡ್ಡರು. ಇನ್ನೊಂದು ಮಂಟೇಸ್ವಾಮಿಯದು, ಅದನ್ನು ಹಾಡುವವರು ನೀಲಗಾರರು. ದೇವರಗುಡ್ಡನ ಎಡ ಅಂಗೈಯಲ್ಲಿ ಕಂಚಿನ ಬಟ್ಟಲು, ಬಲಗೈಯಲ್ಲಿ ಗೊಂಡೆ ಕಟ್ಟಿದ ತೆಳುವಾದ ಕಂಚಿನ ತಾಳ. ಬಟ್ಟಲಿನ ಅಂಚಿಗೆ ತಾಳದ ಅಂಚು ತಾಗಿ, ಜಾರಿ, ಮತ್ತೆ ತಾಗುವಾಗ ಹೊಮ್ಮುವ ನಾದವು ಒಮ್ಮೆ ಮೃದುವಾಗಿಯೂ ಒಮ್ಮೆ ಸಿಡಿಲಿನಂತೆಯೂ ಕೇಳಿಬರುತ್ತದೆ. ಇದೇ ಕಂಸಾಳೆ. ನೀಲಗಾರನ ಕೈಯಲ್ಲಿ ತಂಬೂರಿ, ಗಗ್ಗರ, ಡಕ್ಕೆ. ರಾತ್ರಿಯ ಊಟ ಮುಗಿದ ಮೇಲೆ ಆರಂಭವಾದ ಕಥೆ ಬೆಳಗಿನವರೆಗೆ ಸಾಗುತ್ತದೆ. ಕಥೆಯ ಒಂದೊಂದು ಭಾಗಕ್ಕೆ ‘ಸಾಲು’ ಎಂದು ಹೆಸರು, ಒಂದು ರಾತ್ರಿಗೆ ಒಂದೆರಡು ಸಾಲುಗಳು ಮುಗಿದರೆ ಅದೇ ಹೆಚ್ಚು.

ಆ ಸಾಲುಗಳಲ್ಲಿ ಅತ್ಯಂತ ಹೃದಯಸ್ಪರ್ಶಿಯಾದದ್ದು ಸಂಕಮ್ಮನ ಸಾಲು. ಸಂಕಮ್ಮ ಸೋಲಿಗರ ಹೆಣ್ಣು. ಅವಳ ಗಂಡ ನೀಲೇಗೌಡ. ಜೇನು ಬೇಟೆಗೆ ದೂರದ ಕಾಡಿಗೆ ಹೊರಟ ನೀಲೇಗೌಡನು, ತಾನು ಬರುವವರೆಗೆ ಪತಿವ್ರತೆಯಾಗಿಯೇ ಇರುವೆನೆಂದು ಕೈಮೇಲೆ ಕೈಯಿಟ್ಟು ಭಾಷೆ ಕೊಡೆಂದು ಹೆಂಡತಿಯನ್ನು ಕೇಳುತ್ತಾನೆ. ಸಂಕಮ್ಮ ಕೊಡುವುದಿಲ್ಲ. ತಪ್ಪು ಮಾಡದವಳು ಭಾಷೆಯನ್ನೇಕೆ ಕೊಡಬೇಕು? ಭಾಷೆ ಕೊಟ್ಟರೆ ಹುಟ್ಟಿದ ಮನೆಗೆ ಕಳಂಕವಲ್ಲವೆ? ಬೈದರೂ ಹೊಡೆದರೂ ಆಕೆ ಮಣಿಯದಿದ್ದಾಗ, ಗಂಡನು ಅವಳನ್ನು ಗುಡಿಸಲಿನಲ್ಲಿ ಬಂಧಿಸಿ, ಸುತ್ತಲೂ ಮಾಟದ ಕಟ್ಟು ಹಾಕಿ, ಅನ್ನನೀರುಗಳಿಲ್ಲದೆ ಬಿಟ್ಟು ಕಾಡಿಗೆ ನಡೆಯುತ್ತಾನೆ. ಅವಳ ಮೊರೆ ಏಳು ಮಲೆಗಳಾಚೆ ಮಾದೇಶ್ವರನಿಗೆ ಕೇಳಿಸುತ್ತದೆ. ಅವನು ಜಂಗಮನ ವೇಷದಲ್ಲಿ ಬಂದು ಕಟ್ಟನ್ನು ಮುರಿದು, ಅವಳಿಗೆ ಎರಡು ಮಕ್ಕಳ ವರವನ್ನು ಕೊಡುತ್ತಾನೆ. ಹಿಂದಿರುಗಿದ ಗಂಡ ಶಂಕಿಸಿ ದಿವ್ಯಪರೀಕ್ಷೆಗೊಡ್ಡಿದಾಗಲೂ ಅವಳು ಗೆದ್ದು ಬರುತ್ತಾಳೆ. ಅವಳ ಮಕ್ಕಳಾದ ಕಾರಯ್ಯ ಬಿಲ್ಲಯ್ಯರು ಮಾದೇಶ್ವರನ ಒಕ್ಕಲಾಗುತ್ತಾರೆ. ವಿವರಗಳು ಗುಡ್ಡನಿಂದ ಗುಡ್ಡನಿಗೆ ಬೇರೆಯಾದರೂ ಕಥೆಯ ತಾತ್ಪರ್ಯ ಬೇರೆಯಾಗದು. ಇಲ್ಲಿ ಮಾಟವೆಂಬುದು ಹೆಣ್ಣನ್ನು ನಂಬದ ಗಂಡಸಿನ ಆಯುಧ. ಅದನ್ನು ಮುರಿಯುವುದು ದೈವದ ಕರುಣೆ, ಆ ಕರುಣೆಯನ್ನು ಕರೆತರುವುದು ಸಂಕಮ್ಮನ ಛಲ.

ಉಳಿದ ಸಾಲುಗಳ ನೀತಿಯೂ ಇದೇ. ದೇವತೆಗಳನ್ನೆಲ್ಲ ಸೆರೆಯಲ್ಲಿಟ್ಟ ಬಂಕಾಪುರದ ಶ್ರವಣನನ್ನು ಮಾದೇಶ್ವರನು ಸೈನ್ಯ ಕಟ್ಟಿ ಕೊಲ್ಲುವುದಿಲ್ಲ. ಚರ್ಮದ ಕಸುಬಿನವರ ಕೈಯಲ್ಲಿ ಮಾಯದ ಎಕ್ಕಡಗಳನ್ನು ಮಾಡಿಸಿ, ಅಹಂಕಾರದಿಂದ ಅವನ್ನು ಮೆಟ್ಟಿದ ಶ್ರವಣನು ತಾನೇ ಉರಿದುಹೋಗುವಂತೆ ಮಾಡುತ್ತಾನೆ. ಮಂಟೇಸ್ವಾಮಿಯ ಕಾವ್ಯದಲ್ಲಿ, ಕಬ್ಬಿಣದ ಭಿಕ್ಷೆಗೆಂದು ಹಲಗೂರಿಗೆ ಹೋದ ಶಿಷ್ಯ ಸಿದ್ದಪ್ಪಾಜಿಯ ಮೇಲೆ ಅಲ್ಲಿನ ಪಾಂಚಾಳರು ವಿಷವನ್ನೂ ಕಾದ ಕಬ್ಬಿಣವನ್ನೂ ಪ್ರಯೋಗಿಸುತ್ತಾರೆ; ಅವನು ವಿಷವನ್ನು ಉಂಡು ಅರಗಿಸಿಕೊಂಡು, ಒಂದೊಂದು ಪವಾಡವನ್ನೂ ಗೆದ್ದು, ಕೇಳಿದ ಕಬ್ಬಿಣವನ್ನು ಪಡೆದೇ ಹಿಂದಿರುಗುತ್ತಾನೆ. ಇಂದಿಗೂ ಪುಷ್ಯಮಾಸದ ಹುಣ್ಣಿಮೆಯ ಹೊತ್ತಿಗೆ ಚಿಕ್ಕಲ್ಲೂರಿನಲ್ಲಿ ಸೇರುವ ಸಿದ್ದಪ್ಪಾಜಿಯ ಜಾತ್ರೆಯಲ್ಲಿ, ಬಿದಿರು ಬಟ್ಟೆಗಳಿಂದ ಕಟ್ಟಿದ ಚಂದ್ರಮಂಡಲಕ್ಕೆ ರಾತ್ರಿ ಬೆಂಕಿಯಿಡುತ್ತಾರೆ. ಜ್ವಾಲೆ ಯಾವ ದಿಕ್ಕಿಗೆ ಚೆನ್ನಾಗಿ ಉರಿಯಿತೋ ಆ ದಿಕ್ಕಿನ ಸೀಮೆಗೆ ಮಳೆಬೆಳೆ ಚೆನ್ನೆಂದು ಒಕ್ಕಲಿನವರು ಓದಿಕೊಳ್ಳುತ್ತಾರೆ. ಯಾರನ್ನೂ ಕೆಡಿಸುವ ಅಭಿಚಾರ ಇದರಲ್ಲಿಲ್ಲ. ಕಷ್ಟಜೀವಿಯಾದ ರೈತನು ಬರಲಿರುವ ವರ್ಷದ ಮುಖವನ್ನು ನೋಡಬಯಸುವ ಆಸೆ ಮಾತ್ರ ಇದೆ.

ವಿದ್ವಾಂಸರಲ್ಲಿ ಈ ಕಾವ್ಯಗಳ ಬಗೆಗೆ ಭಿನ್ನಾಭಿಪ್ರಾಯಗಳುಂಟು. ಮಾದೇಶ್ವರನು ಹದಿನಾಲ್ಕು ಹದಿನೈದನೆಯ ಶತಮಾನಗಳ ಸುಮಾರಿನಲ್ಲಿ ಸುತ್ತೂರು, ಕುಂತೂರು ಮಠಗಳ ಮೂಲಕ ಬಂದ ಐತಿಹಾಸಿಕ ವೀರಶೈವ ಶರಣನೆಂದು ಕೆಲವರು ಸಾಧಿಸಿದರೆ, ಕಾಡಿನ ಜನರ ಪುರಾತನ ದೈವವೊಂದು ಆ ಶರಣನ ಚರಿತ್ರೆಯೊಡನೆ ಬೆಸೆದುಕೊಂಡಿದೆಯೆಂದು ಮತ್ತೆ ಕೆಲವರು ವಾದಿಸುತ್ತಾರೆ. ಮಂಟೇಸ್ವಾಮಿಯನ್ನು ಅಲ್ಲಮಪ್ರಭುವಿನ ಅವತಾರವೆಂದು ನೀಲಗಾರರು ಹಾಡುವುದನ್ನು, ಕಲ್ಯಾಣದ ನೆನಪನ್ನು ಕೆಳಜಾತಿಗಳು ತಮ್ಮದನ್ನಾಗಿ ಮಾಡಿಕೊಂಡ ಪರಿಯೆಂದು ಬಹುಮಂದಿ ಒಪ್ಪುತ್ತಾರೆ. 1973ರಲ್ಲಿ ಪಿ.ಕೆ. ರಾಜಶೇಖರ ಅವರ ಸಂಗ್ರಹ ಹೊರಬಂದ ಮೇಲೆ ಮಾದೇಶ್ವರನ ಕಾವ್ಯವು ಪಂಡಿತಲೋಕದ ಗಮನವನ್ನು ಸೆಳೆಯಿತು, ಮುಂದೆ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಎರಡು ಕಾವ್ಯಗಳಿಗೂ ಬೃಹತ್ ಸಂಪುಟಗಳನ್ನು ಪ್ರಕಟಿಸಿತು, ಎಚ್.ಎಸ್. ಶಿವಪ್ರಕಾಶರು ‘ಮಂಟೇಸ್ವಾಮಿ ಕಥಾಪ್ರಸಂಗ’ವೆಂಬ ನಾಟಕವನ್ನು ರಚಿಸಿದರು. ವಿದ್ವಾಂಸರು ಯಾವ ಪಕ್ಷವನ್ನು ಹಿಡಿದರೂ ಒಂದು ಸಂಗತಿ ನಿರ್ವಿವಾದ: ಈ ಕಾವ್ಯಗಳಲ್ಲಿ ಮಾಂತ್ರಿಕನು ನಾಯಕನಲ್ಲ, ನಾಯಕನಿಂದ ಸೋಲುವವನು.

ಹೀಗಿರಲು, ‘ಕೊಳ್ಳೇಗಾಲದ ಮಾಟ’ ಎಂಬ ಮಾತು ನಾಡಿನಾದ್ಯಂತ ಹೇಗೆ ಹಬ್ಬಿತು? ಇದಕ್ಕೆ ಒಂದೇ ಕಾರಣವನ್ನು ಹೇಳುವುದು ಸಾಧ್ಯವಿಲ್ಲ. ಒಂದೂವರೆ ಶತಮಾನಕ್ಕೂ ಮಿಗಿಲಾಗಿ ಬೇರೆ ಪ್ರಾಂತ್ಯದ ಆಡಳಿತದಲ್ಲಿದ್ದು ಮೈಸೂರಿನವರಿಗೆ ಅಪರಿಚಿತವಾಗಿ ಉಳಿದದ್ದು ಒಂದು. ಮಲೆಯಾಳದ ಮಂತ್ರವಾದದ ಬಗೆಗೆ ಕನ್ನಡಿಗರಲ್ಲಿ ಬಹುಕಾಲದಿಂದ ಇದ್ದ ಭಯಮಿಶ್ರಿತ ಗೌರವವು ಗಡಿಯ ಈಚೆಗೂ ಚಾಚಿಕೊಂಡದ್ದು ಎರಡು. ಗಾಳಿ ಬಿಡಿಸುವ, ಯಂತ್ರ ಕಟ್ಟುವ ವೃತ್ತಿಯವರು ಎಲ್ಲ ಊರುಗಳಲ್ಲಿಯೂ ಇದ್ದಂತೆ ಇಲ್ಲಿಯೂ ಇದ್ದುದು ಮೂರು. ಆದರೆ ಎಲ್ಲ ಊರುಗಳಲ್ಲಿಯೂ ಇದ್ದ ವಸ್ತುವಿಗೆ ಒಂದೇ ಊರಿನ ಹೆಸರನ್ನು ಅಂಟಿಸಿ ಶಾಶ್ವತಗೊಳಿಸಿದ್ದು ಜನಪ್ರಿಯ ಕಥೆ, ರಂಗಭೂಮಿ ಮತ್ತು ಸಿನಿಮಾ. ರೇಷ್ಮೆಯ ವ್ಯಾಪಾರಕ್ಕೆ ಹೆಸರಾದ ಪಟ್ಟಣವು ಸಿನಿಮಾ ಸಂಭಾಷಣೆಯಲ್ಲಿ ನಿಂಬೆಹಣ್ಣು, ಕುಂಕುಮ, ತಲೆಬುರುಡೆಗಳ ಪಟ್ಟಣವಾಗಿ ಮಾರ್ಪಟ್ಟಿತು.

ಸಿನಿಮಾಕ್ಕೂ ಈ ಸೀಮೆಗೂ ಇದ್ದ ನಂಟು ಇಷ್ಟೇ ಆಗಿರಲಿಲ್ಲವೆಂಬುದನ್ನು ನೆನೆದಾಗ ಮನಸ್ಸಿಗೆ ನೋವಾಗುತ್ತದೆ. ಕನ್ನಡ ಚಿತ್ರರಂಗದ ಮೇರುನಟ ರಾಜಕುಮಾರರು ಹುಟ್ಟಿದ್ದು ಚಾಮರಾಜನಗರದ ಮಗ್ಗುಲಲ್ಲಿಯೇ ಇರುವ, ಈಗ ತಮಿಳುನಾಡಿಗೆ ಸೇರಿದ ಗಾಜನೂರಿನಲ್ಲಿ. ಅವರ ತಂದೆ ಪುಟ್ಟಸ್ವಾಮಯ್ಯನವರು ಸಿಂಗಾನಲ್ಲೂರಿನವರು. 1954ರಲ್ಲಿ ಎಚ್.ಎಲ್.ಎನ್. ಸಿಂಹರು ನಿರ್ದೇಶಿಸಿದ ‘ಬೇಡರ ಕಣ್ಣಪ್ಪ’ದಲ್ಲಿ ಮುತ್ತುರಾಜನೆಂಬ ಹುಟ್ಟುಹೆಸರಿನ ರಾಜಕುಮಾರರು ನಾಯಕನಾಗಿ ಕಾಣಿಸಿಕೊಂಡಾಗ, ಶಾಸ್ತ್ರದ ಗೊಡವೆಯಿಲ್ಲದೆ ಬೇಟೆಯ ಮಾಂಸವನ್ನೇ ಶಿವನಿಗೆ ನೈವೇದ್ಯವಿಟ್ಟು, ಕೊನೆಗೆ ಕಣ್ಣನ್ನೇ ಕಿತ್ತುಕೊಟ್ಟ ಬೇಡನ ಭಕ್ತಿಯು ಬೆಳ್ಳಿಯ ತೆರೆಯ ಮೇಲೆ ಪೂಜ್ಯವಾಯಿತು. ಕಾಡಿನವರ ಪೂಜಾವಿಧಾನವು ಅನಾಗರಿಕವಲ್ಲ, ಅದೂ ಭಕ್ತಿಯ ಒಂದು ಪರಾಕಾಷ್ಠೆಯೆಂದು ಸಾರುವ ಈ ಕಥೆಗೆ ಮಾದೇಶ್ವರನ ಮಲೆಯ ಗುಡ್ಡರು ಹಾಡುವ ಕಥೆಗಳು ಸಹೋದರರಂತಿವೆ. ಕನ್ನಡ ಸಿನಿಮಾ ಅದೇ ದಾರಿಯಲ್ಲಿ ನಡೆದಿದ್ದರೆ ಗಡಿಸೀಮೆಯ ದೈವಗಳ ಬೇರೊಂದು ಮುಖವನ್ನು ನಾಡು ಕಾಣುತ್ತಿತ್ತು.

ಎಪ್ಪತ್ತರ ದಶಕದ ಕೊನೆಯ ವೇಳೆಗೆ ರುಚಿ ಬೇರೆಯಾಯಿತು. 1979ರಲ್ಲಿ ತೆರೆಕಂಡ ‘ನಾ ನಿನ್ನ ಬಿಡಲಾರೆ’ ಚಿತ್ರದಲ್ಲಿ ಅನಂತನಾಗ್ ಅವರ ಪಾತ್ರವನ್ನು ಹಿಡಿದ ಪ್ರೇತ ಸಾವಿರಾರು ಮಂದಿ ಪ್ರೇಕ್ಷಕರ ನಿದ್ರೆಯನ್ನು ಕೆಡಿಸಿತು. ಕೊನೆಗೆ ಗೆದ್ದುದು ಮಂತ್ರಾಲಯದ ರಾಯರ ಮೇಲಿನ ಭಕ್ತಿಯಾದರೂ, ಜನರ ನೆನಪಿನಲ್ಲಿ ಉಳಿದುದು ಪ್ರೇತವೇ. ತೆಲುಗಿನ ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ವು ಕನ್ನಡಕ್ಕೆ ಬಂದು, ಮಗುವೊಂದರ ಮೇಲೆ ನಡೆಯುವ ಕಾಷ್ಮೋರವೆಂಬ ಮಾಟದ ಪ್ರಯೋಗದ ಆ ಕಥೆ ಮನೆಮನೆಯ ಮಾತಾಯಿತು, 1985ರಲ್ಲಿ ಅದು ಕನ್ನಡದಲ್ಲಿ ಚಲನಚಿತ್ರವೂ ಆಯಿತು. ಇಂಥ ಕೃತಿಗಳನ್ನು ಕೀಳೆಂದು ತಳ್ಳಿಹಾಕುವುದು ನ್ಯಾಯವಲ್ಲ. ಅವುಗಳಲ್ಲಿ ಕಥನಕೌಶಲ್ಯವಿತ್ತು, ವಿಜ್ಞಾನ ಮತ್ತು ನಂಬಿಕೆಗಳ ತಿಕ್ಕಾಟದ ಚಿಂತನೆಯೂ ಇತ್ತು. ಆದರೆ ಅವುಗಳ ನೆರಳಿನಲ್ಲಿ ಹುಟ್ಟಿದ ಅಗ್ಗದ ಅನುಕರಣೆಗಳಲ್ಲಿಯೂ ಹಾಸ್ಯಪ್ರಸಂಗಗಳಲ್ಲಿಯೂ ಮಾಂತ್ರಿಕನೊಬ್ಬ ಬೇಕಾದಾಗಲೆಲ್ಲ ಅವನಿಗೊಂದು ಸಿದ್ಧ ವಿಳಾಸ ದೊರೆಯಿತು, ಆ ವಿಳಾಸ ಕೊಳ್ಳೇಗಾಲ. 1996ರಲ್ಲಿ ಟಿ.ಎಸ್. ನಾಗಾಭರಣರ ‘ಜನುಮದ ಜೋಡಿ’ಯಂಥ ಚಿತ್ರಗಳು ಈ ಭಾಗದ ಜನಪದ ದನಿಯನ್ನು ನಾಡಿಗೆಲ್ಲ ಕೇಳಿಸಿದುದು ನಿಜ, ಕಂಸಾಳೆ ಮಹದೇವಯ್ಯನವರಂಥ ಗಾಯಕರು ಮಾದೇಶ್ವರನ ಸಾಲುಗಳನ್ನು ಹಳ್ಳಿಯ ಜಗಲಿಯಿಂದ ಧ್ವನಿಸುರುಳಿಗೂ ಸಭಾಮಂಟಪಕ್ಕೂ ತಂದುದೂ ನಿಜ. ಆದರೆ ನಾದವನ್ನು ಮೆಚ್ಚಿದ ಕಿವಿಗಳು ಕಥೆಯ ತಾತ್ಪರ್ಯವನ್ನು ಕೇಳಿಸಿಕೊಂಡವೆಂದು ಹೇಳಲಾಗದು.

ಮುಖ್ಯಮಂತ್ರಿಗಳ ಶಾಪದ ಪಟ್ಟಿ ಬೆಳೆದದ್ದೂ ಈ ಪ್ರೇತ ಮಾಟಗಳ ಚಿತ್ರಗಳು ಬಂದ ಎಂಬತ್ತರ ದಶಕದಲ್ಲಿಯೇ ಎಂಬುದು ಗಮನಿಸತಕ್ಕ ಸಂಗತಿ. ಜನರ ಬಾಯಲ್ಲಿಯೂ ಪತ್ರಿಕೆಗಳ ಅಂಕಣಗಳಲ್ಲಿಯೂ ಮರಳಿ ಮರಳಿ ಬರುವ ಹೆಸರುಗಳು ಐದು: ದೇವರಾಜ ಅರಸು, ಆರ್. ಗುಂಡೂರಾವ್, ರಾಮಕೃಷ್ಣ ಹೆಗಡೆ, ಎಸ್.ಆರ್. ಬೊಮ್ಮಾಯಿ, ವೀರೇಂದ್ರ ಪಾಟೀಲ. ಇವರೆಲ್ಲ ಚಾಮರಾಜನಗರಕ್ಕೆ ಬಂದು ಹೋದ ಕೆಲವೇ ತಿಂಗಳುಗಳಲ್ಲಿ ಪದಚ್ಯುತರಾದರೆಂಬುದು ಪ್ರತೀತಿ. ಪ್ರತೀತಿಯನ್ನು ಬದಿಗಿಟ್ಟು ಇತಿಹಾಸವನ್ನು ತೆರೆದರೆ, ಪ್ರತಿಯೊಬ್ಬರ ಪತನಕ್ಕೂ ಹಗಲಿನಷ್ಟು ಸ್ಪಷ್ಟವಾದ ಕಾರಣಗಳು ಕಾಣುತ್ತವೆ. ಅರಸರು 1979ರಲ್ಲಿ ಇಂದಿರಾಗಾಂಧಿಯವರಿಂದ ಬೇರೆಯಾದರು. 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ಇಂದಿರಾ ಪಕ್ಷವು ರಾಜ್ಯದ 28 ಸ್ಥಾನಗಳಲ್ಲಿ 27ನ್ನು ಗೆದ್ದೊಡನೆ ಶಾಸಕರು ಪಕ್ಷಾಂತರ ಮಾಡಿ ಅವರ ಸರ್ಕಾರ ಕುಸಿಯಿತು. ಗುಂಡೂರಾಯರ ಆಳ್ವಿಕೆಯ ಬುಡವನ್ನು ಅಲುಗಿಸಿದುದು 1980ರ ನರಗುಂದ ನವಲಗುಂದಗಳ ರೈತರ ಬಂಡಾಯ ಮತ್ತು 1982ರ ಗೋಕಾಕ್ ಚಳವಳಿ. ಆ ಚಳವಳಿಯ ಮುಂಚೂಣಿಯಲ್ಲಿ ನಿಂತವರು ಗಾಜನೂರಿನ ರಾಜಕುಮಾರರು. 1983ರ ಸೋಲನ್ನು ಬರೆದದ್ದು ಮತಪೆಟ್ಟಿಗೆ. ಹೆಗಡೆಯವರು ದೂರವಾಣಿ ಕದ್ದಾಲಿಕೆಯ ಆರೋಪದ ಹಿನ್ನೆಲೆಯಲ್ಲಿ 1988ರ ಆಗಸ್ಟಿನಲ್ಲಿ ರಾಜೀನಾಮೆಯಿತ್ತರು.

ಬೊಮ್ಮಾಯಿಯವರ ಪ್ರಸಂಗವಂತೂ ಭಾರತದ ಸಂವಿಧಾನದ ಚರಿತ್ರೆಯಲ್ಲಿಯೇ ಒಂದು ಅಧ್ಯಾಯ. ವಿಧಾನಸಭೆಯಲ್ಲಿ ಬಹುಮತವನ್ನು ಸಾಬೀತುಪಡಿಸಲು ಅವಕಾಶವನ್ನೇ ಕೊಡದೆ, ರಾಜ್ಯಪಾಲರ ವರದಿಯ ಮೇಲೆ 1989ರ ಏಪ್ರಿಲ್ 21ರಂದು ಅವರ ಸರ್ಕಾರವನ್ನು ವಜಾ ಮಾಡಲಾಯಿತು. ಆ ಅನ್ಯಾಯದ ವಿರುದ್ಧ ಅವರು ನ್ಯಾಯಾಲಯದ ಮೆಟ್ಟಿಲೇರಿದುದರ ಫಲವಾಗಿ 1994ರಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು, ಬಹುಮತದ ಪರೀಕ್ಷೆ ಸದನದಲ್ಲಿಯೇ ಆಗತಕ್ಕದ್ದೆಂದು ಚರಿತ್ರಾರ್ಹ ತೀರ್ಪನ್ನಿತ್ತಿತು. ರಾಜಭವನದಲ್ಲಿ ಬರೆದ ಒಂದು ವರದಿಯ ಕೃತ್ಯವನ್ನು ಚಾಮರಾಜನಗರದ ಮಣ್ಣಿನ ಮೇಲೆ ಹೊರಿಸುವುದೆಂದರೆ, ಅಪರಾಧಿಯನ್ನು ಬಿಟ್ಟು ದಾರಿಹೋಕನನ್ನು ಶಿಕ್ಷಿಸಿದಂತೆಯೇ ಸರಿ. ವೀರೇಂದ್ರ ಪಾಟೀಲರು 1989ರ ಕೊನೆಯಲ್ಲಿ ಪ್ರಚಂಡ ಬಹುಮತದಿಂದ ಬಂದವರು. 1990ರ ಅಕ್ಟೋಬರಿನಲ್ಲಿ ರಾಮನಗರ ಚನ್ನಪಟ್ಟಣಗಳ ಗಲಭೆಗಳೂ, ಅವರ ಅನಾರೋಗ್ಯವೂ, ದೆಹಲಿಯ ಹೈಕಮಾಂಡಿನ ಅವಸರವೂ ಕೂಡಿ ಅವರನ್ನು ಪದವಿಯಿಂದ ಇಳಿಸಿದವು. ಈ ಐವರೂ ಅಧಿಕಾರದ ಅವಧಿಯಲ್ಲಿ ನೂರಾರು ಊರುಗಳಿಗೆ ಹೋಗಿದ್ದರು. ಎಲ್ಲ ಊರುಗಳನ್ನೂ ಬಿಟ್ಟು ಒಂದೇ ಊರನ್ನು ಎತ್ತಿ ಹಿಡಿದು ಲೆಕ್ಕ ಹಾಕಿದುದು ಜನಮನಸ್ಸು. ಮಾಟದ ನಾಡೆಂಬ ಹೆಸರು ಮೊದಲೇ ಸಿದ್ಧವಾಗಿದ್ದುದರಿಂದ ಲೆಕ್ಕ ಕೂಡಿಬಂದಂತೆ ತೋರಿತು. ಭಯವು ಬೇಡಿದ ಪುರಾವೆಯನ್ನು ಕಾಕತಾಳೀಯವು ಒದಗಿಸಿತು.

ಇಲ್ಲಿಂದ ಮುಂದಿನದು ಈ ಕಥೆಯ ಅತ್ಯಂತ ದುಃಖದ ಭಾಗ. 1990ರ ತರುವಾಯ ಸುಮಾರು ಹದಿನೇಳು ವರ್ಷ ಮುಖ್ಯಮಂತ್ರಿಗಳು ಚಾಮರಾಜನಗರದ ದಾರಿಯನ್ನು ತಪ್ಪಿಸಿಕೊಂಡರೆಂಬುದು ನಾಡಿನ ಪತ್ರಿಕೆಗಳು ಬಗೆಬಗೆಯಾಗಿ ಬರೆದ ಸಂಗತಿ. ಬೆಟ್ಟಕ್ಕೆ ಬರುವವರು ಊರಿಗೆ ಬರಲಿಲ್ಲ. ಊರಿನ ಹೊರಗೆ ಶಂಕುಸ್ಥಾಪನೆ, ದೂರದಿಂದ ಉದ್ಘಾಟನೆ ಎಂಬುದೇ ರೂಢಿಯಾಯಿತು. ಏಳು ಬಾರಿ ಗುಂಡ್ಲುಪೇಟೆಯಿಂದ ಆಯ್ಕೆಯಾಗಿ, ಕರ್ನಾಟಕ ವಿಧಾನಸಭೆಯ ಮೊದಲ ಮಹಿಳಾ ಸಭಾಧ್ಯಕ್ಷೆಯಾಗಿದ್ದ ಕೆ.ಎಸ್. ನಾಗರತ್ನಮ್ಮನವರಂಥ ನಾಯಕಿಯನ್ನು ಕೊಟ್ಟ ಸೀಮೆಗೆ ರಾಜ್ಯದ ಮುಖಂಡರು ಬೆನ್ನು ತಿರುಗಿಸಿದರು. ಮುಖ್ಯಮಂತ್ರಿಯ ಭೇಟಿಯೆಂದರೆ ಮೆರವಣಿಗೆ ಮಾತ್ರವಲ್ಲ. ಅಧಿಕಾರಿಗಳು ಕಡತಗಳನ್ನು ಧೂಳು ಕೊಡವಿ ತೆಗೆಯುವ ದಿನ ಅದು, ರಸ್ತೆಗೆ ಡಾಂಬರು ಬೀಳುವ ದಿನ ಅದು, ಸಾಮಾನ್ಯನ ಅರ್ಜಿ ಮೇಲಿನ ಮೇಜನ್ನು ಮುಟ್ಟುವ ದಿನ ಅದು. ಆ ದಿನಗಳನ್ನು ಒಂದು ಮೂಢನಂಬಿಕೆ ಈ ಜನರಿಂದ ಕಸಿದುಕೊಂಡಿತು. ಇದರ ನಡುವೆಯೇ ಕಾಡುಗಳ್ಳ ವೀರಪ್ಪನ್ನನ ಹಾವಳಿಯೂ ಸೇರಿ, 2000ದ ಜುಲೈ 30ರ ರಾತ್ರಿ ಗಾಜನೂರಿನ ಮನೆಯಿಂದ ರಾಜಕುಮಾರರ ಅಪಹರಣವಾದಾಗ, ಹೊರಗಿನವರ ಮನಸ್ಸಿನಲ್ಲಿ ಈ ಸೀಮೆಯ ಮೇಲಿನ ಕತ್ತಲೆ ಮತ್ತಷ್ಟು ದಟ್ಟವಾಯಿತು. ರಾಜಕುಮಾರರು 108 ದಿನಗಳ ಬಳಿಕ ಬಿಡುಗಡೆಯಾಗಿ ಬಂದರು. ಸೀಮೆಗೆ ಹತ್ತಿದ ಕೆಟ್ಟ ಹೆಸರು ಹಾಗೆ ಬಿಡುಗಡೆಯಾಗಲಿಲ್ಲ.

2007ರಲ್ಲಿ ಎಚ್.ಡಿ. ಕುಮಾರಸ್ವಾಮಿಯವರು ಧೈರ್ಯ ಮಾಡಿ ಬಂದರು; ಅದೇ ವರ್ಷದ ಅಕ್ಟೋಬರಿನಲ್ಲಿ, ಮಿತ್ರಪಕ್ಷದೊಡನೆ ಇಪ್ಪತ್ತು ತಿಂಗಳ ಒಪ್ಪಂದ ಮುರಿದುದರಿಂದ ಅವರ ಸರ್ಕಾರ ಬಿದ್ದಿತು. ಕಾರಣ ಒಪ್ಪಂದದ್ದು, ಅಪಕೀರ್ತಿ ಊರಿನದು. 2013ರ ಆರಂಭದಲ್ಲಿ ಜಗದೀಶ ಶೆಟ್ಟರ್ ಬಂದರು. ಒಡೆದುಹೋಗಿದ್ದ ಅವರ ಪಕ್ಷ ಆ ಮೇ ತಿಂಗಳ ಚುನಾವಣೆಯಲ್ಲಿ ಸೋತಿತು. ಮತ್ತೆ ಹಳೆಯ ಮಾತೇ ಎದ್ದಿತು.

ತಿರುವು ಬಂದುದು ಅದೇ 2013ರಲ್ಲಿ ಅಧಿಕಾರ ವಹಿಸಿದ ಸಿದ್ದರಾಮಯ್ಯನವರಿಂದ. ನೆರೆಯ ಮೈಸೂರು ಜಿಲ್ಲೆಯವರಾದ ಅವರು ಅಧಿಕಾರಕ್ಕೆ ಬಂದ ವರ್ಷವೇ ಚಾಮರಾಜನಗರಕ್ಕೆ ಬಂದು ಸಭೆ ನಡೆಸಿದರು. ಒಮ್ಮೆ ಬಂದು ಸುಮ್ಮನಾಗದೆ ಮತ್ತೆ ಮತ್ತೆ ಬಂದರು. 2017ರ ಜನವರಿಯಲ್ಲಿ ಗುಂಡ್ಲುಪೇಟೆಯ ಶಾಸಕರೂ ಸಚಿವರೂ ಆಗಿದ್ದ ಎಚ್.ಎಸ್. ಮಹದೇವಪ್ರಸಾದರು ತೀರಿಕೊಂಡು, ಆ ಏಪ್ರಿಲಿನಲ್ಲಿ ಉಪಚುನಾವಣೆ ನಡೆದಾಗ, ಮುಖ್ಯಮಂತ್ರಿ ಗುಂಡ್ಲುಪೇಟೆಯ ಹಳ್ಳಿಹಳ್ಳಿಗಳಲ್ಲಿ ತಿರುಗಿದರು. ಮಹದೇವಪ್ರಸಾದರ ಪತ್ನಿ ಗೀತಾ ಅವರು ಗೆದ್ದರು. ಸರ್ಕಾರ ಬೀಳಲಿಲ್ಲ. ದೇವರಾಜ ಅರಸರ ಬಳಿಕ ಐದು ವರ್ಷದ ಅವಧಿಯನ್ನು ಪೂರ್ಣಗೊಳಿಸಿದ ಮೊದಲ ಮುಖ್ಯಮಂತ್ರಿ ಎಂಬ ಕೀರ್ತಿ, ಚಾಮರಾಜನಗರಕ್ಕೆ ಅಷ್ಟು ಬಾರಿ ಬಂದವರಿಗೇ ದೊರೆಯಿತು.

ಅದೇ ಸರ್ಕಾರದ ಕಾಲದಲ್ಲಿ, ಮಹಾರಾಷ್ಟ್ರದಲ್ಲಿ ನರೇಂದ್ರ ದಾಭೋಲ್ಕರರೂ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರೂ ಗುಂಡಿಗೆ ಬಲಿಯಾದ ಹಿನ್ನೆಲೆಯಲ್ಲಿ, ದೀರ್ಘವಾದ ವಾಗ್ವಾದದ ತರುವಾಯ, ಅಮಾನವೀಯ ದುಷ್ಟಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯುವ ಕಾಯ್ದೆ 2017ರಲ್ಲಿ ಅಂಗೀಕಾರವಾಯಿತು; ಅದು ಜಾರಿಗೆ ಬಂದುದು ಆ ಸರ್ಕಾರ ಹೋದ ಮೇಲೆ, 2020ರ ಜನವರಿಯಲ್ಲಿ. ದೆವ್ವ ಬಿಡಿಸುವ ನೆಪದಲ್ಲಿ ಥಳಿಸುವುದು, ಪವಾಡದ ಹೆಸರಿನಲ್ಲಿ ಜನರನ್ನು ವಂಚಿಸುವುದು ಇತ್ಯಾದಿಗಳು ಅಪರಾಧವಾದವು. ಜ್ಯೋತಿಷ ವಾಸ್ತುಗಳನ್ನು ಕಾಯ್ದೆ ಮುಟ್ಟದೆ ಬಿಟ್ಟಿತೆಂದು ವಿಚಾರವಾದಿಗಳು ಅಸಮಾಧಾನಗೊಂಡರು. ಭಕ್ತಿಯ ಆಚರಣೆಗೆ ಕೈಹಾಕಿತೆಂದು ಕೆಲವು ಧಾರ್ಮಿಕರು ಆಕ್ಷೇಪಿಸಿದರು. ಎಲ್ಲಿ ನಂಬಿಕೆ ಮುಗಿದು ಎಲ್ಲಿ ಪೀಡೆ ಆರಂಭವಾಗುತ್ತದೆಂಬ ಗೆರೆಯನ್ನು ಎಳೆಯುವುದು ಸುಲಭವಲ್ಲ. ಆದರೆ ಸಂಕಮ್ಮನ ಸಾಲನ್ನು ಹಾಡಿದವರು ಆ ಗೆರೆಯನ್ನು ಕಾನೂನಿಗಿಂತ ಬಹಳ ಮೊದಲೇ ಎಳೆದಿದ್ದರು.

ಶಾಪದ ನಂಬಿಕೆಯುಳ್ಳವರು ಇಷ್ಟಕ್ಕೇ ಸೋಲೊಪ್ಪಿಕೊಂಡರೆಂದು ಹೇಳಲಾಗದು. 2018ರ ಚುನಾವಣೆಯಲ್ಲಿ ಸಿದ್ದರಾಮಯ್ಯನವರ ಪಕ್ಷ 80 ಸ್ಥಾನಗಳಿಗೆ ಇಳಿದು, ಅವರೇ ಚಾಮುಂಡೇಶ್ವರಿ ಕ್ಷೇತ್ರದಲ್ಲಿ ಸೋತಾಗ, ಶಾಪ ತಡವಾಗಿ ತಟ್ಟಿತೆಂದರು. 2022ರ ಡಿಸೆಂಬರಿನಲ್ಲಿ, ಪಟ್ಟಿಯಲ್ಲಿ ತಂದೆಯ ಹೆಸರಿದ್ದರೂ ಹಿಂಜರಿಯದೆ, ಎಸ್.ಆರ್. ಬೊಮ್ಮಾಯಿಯವರ ಮಗ ಬಸವರಾಜ ಬೊಮ್ಮಾಯಿಯವರು ಮುಖ್ಯಮಂತ್ರಿಯಾಗಿ ಊರಿಗೆ ಬಂದರು. 2023ರ ಮೇ ತಿಂಗಳಲ್ಲಿ ಅವರ ಪಕ್ಷ ಸೋತಾಗ ಅದನ್ನೂ ಲೆಕ್ಕಕ್ಕೆ ಹಿಡಿದರು. ಆ ಚುನಾವಣೆಯಲ್ಲಿ ಗೆದ್ದು ಮತ್ತೆ ಮುಖ್ಯಮಂತ್ರಿಯಾದವರು, ಶಾಪಗ್ರಸ್ತರೆಂದು ಐದು ವರ್ಷದ ಹಿಂದೆ ಎಣಿಸಲ್ಪಟ್ಟ ಸಿದ್ದರಾಮಯ್ಯನವರೇ ಎಂಬುದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಲಿಲ್ಲ. ಯಾವ ಅವಧಿಯನ್ನು ಹಾಕಿದರೂ ಒಪ್ಪುವ ಶಾಪ, ಯಾವ ಫಲ ಬಂದರೂ ಒಪ್ಪುವ ಶಾಪ, ಶಾಪವೇ ಅಲ್ಲ. ಪ್ರಜಾಪ್ರಭುತ್ವದಲ್ಲಿ ಮುಖ್ಯಮಂತ್ರಿಯಾದವನು ಒಂದಲ್ಲ ಒಂದು ದಿನ ಇಳಿಯಲೇಬೇಕು. ಆ ಇಳಿತದ ಬಾಕಿಯನ್ನು ಯಾವ ಊರಿನ ಖಾತೆಗಾದರೂ ಬರೆಯಬಹುದು.

ಇದು ಕನ್ನಡನಾಡಿನ ದೌರ್ಬಲ್ಯ ಮಾತ್ರವೇ ಎಂದರೆ, ಅಲ್ಲ. ಉತ್ತರಪ್ರದೇಶದಲ್ಲಿ 1988ರಲ್ಲಿ ವೀರ ಬಹಾದುರ್ ಸಿಂಗರು ನೋಯ್ಡಾಕ್ಕೆ ಹೋಗಿ ಬಂದು ಪದವಿ ಕಳೆದುಕೊಂಡ ಮೇಲೆ, ಆ ಆಧುನಿಕ ಕೈಗಾರಿಕಾ ನಗರಕ್ಕೆ ಕಾಲಿಡಲು ದಶಕಗಳ ಕಾಲ ಮುಖ್ಯಮಂತ್ರಿಗಳು ಅಂಜಿದರು. 2017ರಲ್ಲಿ ಅಲ್ಲಿಗೆ ಹೋದ ಯೋಗಿ ಆದಿತ್ಯನಾಥರು 2022ರಲ್ಲಿ ಮರಳಿ ಗೆದ್ದುಬಂದರು. ಸಮುದ್ರದಾಚೆ ಅಮೆರಿಕದ ಸೇಲಂ ಎಂಬ ಊರಿನಲ್ಲಿ 1692ರಲ್ಲಿ ಮಾಟಗಾರರೆಂಬ ಆರೋಪದ ಮೇಲೆ ಹತ್ತೊಂಬತ್ತು ನಿರಪರಾಧಿಗಳನ್ನು ನೇಣುಹಾಕಿದರು. ಅಪರಾಧ ಆರೋಪಿಸಿದವರದು, ಆದರೆ ನಾಟಕ, ಸಿನಿಮಾ, ದೂರದರ್ಶನಗಳ ದೆಸೆಯಿಂದ ಇಂದು ಆ ಊರು ಮಾಟಗಾತಿಯರ ಊರೆಂದೇ ಪ್ರವಾಸಿಗಳನ್ನು ಸೆಳೆಯುತ್ತದೆ. ಅಲ್ಲಿಯೂ ಪೀಡನೆಗೊಳಗಾದವರ ಮೇಲೆಯೇ ಪೀಡನೆಯ ಹೆಸರು ಕುಳಿತುಕೊಂಡಿತು. ಒಂದು ವ್ಯತ್ಯಾಸವುಂಟು: ಸೇಲಂ ತನ್ನ ಹೆಸರಿನಿಂದ ಹಣ ಗಳಿಸಿತು, ಚಾಮರಾಜನಗರ ತನ್ನ ಹೆಸರಿನಿಂದ ಕಳೆದುಕೊಂಡಿತು.

2022ರಲ್ಲಿ ‘ಕಾಂತಾರ’ ತೆರೆಕಂಡ ತರುವಾಯ ಕರಾವಳಿಯ ದೈವಾರಾಧನೆಯ ಕಡೆಗೆ ಇಡೀ ದೇಶದ ದೃಷ್ಟಿ ಹೊರಳಿತು. ನೆಲದ ದೈವವನ್ನು ಭೀಕರ ಮಾಂತ್ರಿಕತೆಯಾಗಿ ಅಲ್ಲದೆ ನ್ಯಾಯದ ದನಿಯಾಗಿ ಕಾಣಬಹುದೆಂಬುದನ್ನು ಪ್ರೇಕ್ಷಕರು ಒಪ್ಪಿದರು. 2025ರ ಏಪ್ರಿಲಿನಲ್ಲಿ ರಾಜ್ಯದ ಸಚಿವಸಂಪುಟವೇ ಮಲೆ ಮಹದೇಶ್ವರ ಬೆಟ್ಟದಲ್ಲಿ ಸಭೆ ಸೇರಿತು. ಕಾಲ ಅನುಕೂಲವಾಗಿದೆ. ಈಗಲಾದರೂ ನಮ್ಮ ಚಿತ್ರಕಥೆಗಾರರೂ ನಿರ್ದೇಶಕರೂ ‘ಕೊಳ್ಳೇಗಾಲದ ಮಾಟ’ವೆಂಬ ಸವೆದ ಮಾತನ್ನು ಕೈಬಿಟ್ಟು, ಸಂಕಮ್ಮನ ಸಾಲನ್ನೂ ಸಿದ್ದಪ್ಪಾಜಿಯ ಪವಾಡಗಳನ್ನೂ ಗುಡ್ಡರ ಬಾಯಿಂದಲೇ ಒಂದು ರಾತ್ರಿ ಪೂರ್ತಿ ಕುಳಿತು ಕೇಳಬೇಕು. ನಮ್ಮ ಮುಖಂಡರು ಚಾಮರಾಜನಗರಕ್ಕೂ ಗುಂಡ್ಲುಪೇಟೆಗೂ ಬರುವುದನ್ನು ಸಾಹಸವೆಂದು ಹೇಳಿಕೊಳ್ಳದೆ ಕರ್ತವ್ಯವೆಂದು ಬಗೆಯಬೇಕು. ಬಂದ ಮೇಲೆ ಈ ಸೀಮೆಗೆ ತಪ್ಪಿಹೋದ ವರ್ಷಗಳ ರಸ್ತೆಯನ್ನೂ ಶಾಲೆಯನ್ನೂ ಆಸ್ಪತ್ರೆಯನ್ನೂ ಕೊಟ್ಟು ಹೋಗಬೇಕು. ಮಾಟವನ್ನು ಮುರಿದವರ ನಾಡಿಗೆ ಮಾಟದ ಹೆಸರಿಟ್ಟ ತಪ್ಪು ನಮ್ಮೆಲ್ಲರದು. ಅದನ್ನು ತಿದ್ದುವ ಹೊಣೆಯೂ ನಮ್ಮೆಲ್ಲರದೇ.